ಹೊಗೆ ಕಾಯುವ ಚೂಪಯ್ಯನೂ ಸಿಹಿ ಆವಿಯ ಕೊಳವೆಯೂ

ಮಕ್ಕಳೇ, ಹತ್ತಿರ ಬನ್ನಿ, ಇನ್ನೂ ಹತ್ತಿರ! ಇದು ನಿಜವಾಗಿ ನಡೆದದ್ದು. ಮುಕ್ಕಾಲು ಪಾಲು ನಿಜ ಅಂತಿಟ್ಟುಕೊಳ್ಳಿ, ಉಳಿದ ಕಾಲು ಪಾಲನ್ನು ನಾನು ನೋಡಿಕೊಳ್ಳುತ್ತೇನೆ.

ಒಂದು ಕಾಡಿನ ನಡುವೆ ಉಪ್ಪುಮಣ್ಣಿನ ಹೊಂಡವಿತ್ತು. ಪ್ರಾಣಿಗಳೆಲ್ಲ ಅಲ್ಲಿಗೆ ಬಂದು ಮಣ್ಣು ನೆಕ್ಕುತ್ತಿದ್ದವು. ನೆಕ್ಕುವಾಗ ಯಾರೂ ಯಾರನ್ನೂ ಕಚ್ಚುವಂತಿರಲಿಲ್ಲ. ಹಾಗಾಗಿ ಕಾಡಿನ ಸಭೆಯೂ ಅಲ್ಲೇ ಸೇರುತ್ತಿತ್ತು. ಸಭೆಗೆ ಹಿರಿಯಳು ಆನೆ ದೊಡ್ಡವ್ವ.

ಆ ಸಭೆ ಮುಳ್ಳುಹಂದಿ ಚೂಪಯ್ಯನಿಗೆ ಒಂದು ಕೆಲಸ ಕೊಟ್ಟಿತ್ತು. ಹೊಂಡದ ಪಕ್ಕದ ಮತ್ತಿಮರದ ಮೇಲೆ ಅಪ್ಪಣೆ ಗೀಚಿತ್ತು: "ಎಲೆ ಸುಟ್ಟು ಹೊಗೆ ಎಬ್ಬಿಸುವವರನ್ನು ಚೂಪಯ್ಯ ತಡೆಯಬೇಕು." ಒಂದೇ ಸಾಲು! ಆದರೆ ಚೂಪಯ್ಯನ ನಡಿಗೆಯ ಠೀವಿ ನೋಡಿದರೆ ಇಡೀ ಮರವೇ ಅವನ ಹೆಸರಿಗಿದೆ ಅನ್ನಬೇಕು.

ಆಗ ಬಂದ ನೋಡಿ, ಪುನುಗುಬೆಕ್ಕು ಪರಿಮಳಪ್ಪ! ಬಿದಿರಿನ ಕೊಳವೆಯೊಳಗೆ ಕಾದ ಕಲ್ಲು, ಅದರ ಮೇಲೆ ಕಾಡು ಹೊಗೆಸೊಪ್ಪಿನ ರಸ, ಜೊತೆಗೆ ನೇರಳೆಹಣ್ಣಿನ ರಸ. ಹೀರಿದರೆ ಘಮಘಮ ಆವಿ!

"ಬನ್ನಿ ಮರಿಗಳಾ, ಮೊದಲ ದಮ್ಮು ಪುಕ್ಕಟೆ!"

ಮುಸುವನ ಮರಿ ಚಿಂಕಿ ದಿನಕ್ಕೆ ಹತ್ತು ಸಲ ಹೀರತೊಡಗಿದಳು. ಚಿಂಕಿಯ ಕೆಲಸವೇನು ಗೊತ್ತೇ? ಮರದ ತುದಿಯಲ್ಲಿ ಕೂತು, ಚಿರತೆ ಕಂಡೊಡನೆ "ಖಕ್! ಖಕ್!" ಎಂದು ಕೂಗುವುದು. ಅದನ್ನು ಕೇಳಿಯೇ ಕೆಳಗೆ ಮೇಯುವ ಜಿಂಕೆಗಳು ಓಡಿ ಜೀವ ಉಳಿಸಿಕೊಳ್ಳುತ್ತಿದ್ದವು. ಈಗ ಅವಳ ದನಿ ಒಡೆದ ಮಡಕೆಯಂತಾಗಿತ್ತು.

ಚೂಪಯ್ಯ ಓಡಿ ಬಂದ. "ಲೋ ಪರಿಮಳಾ, ಕೊಳವೆ ಕೆಳಗಿಡು! ಆ ಮಗುವಿನ ಗಂಟಲು ಹೋಗ್ತಿದೆ!"

"ನಾನು ಎಲೆ ಎಲ್ಲಿ ಸುಟ್ಟೆ ಚೂಪಣ್ಣಾ? ಇದು ಹೊಗೆಯಲ್ಲ, ಆವಿ. ನಿನ್ನ ಅಪ್ಪಣೆಯಲ್ಲಿ ಆವಿ ಅಂತ ಎಲ್ಲಾದ್ರೂ ಇದೆಯಾ?"

ಇರಲಿಲ್ಲ. ಹೊಂಡಕ್ಕೆ ಹೋಗಿ "ಇನ್ನೊಂದು ಸಾಲು ಗೀಚಿಸಿ" ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ಚೂಪಯ್ಯನ ಠೀವಿ ಏನಾಗಬೇಕು?

"ಆವಿ ಅಂದ್ರೆ ಹೊಗೆಯ ತಮ್ಮ!" ಎಂದು ಗುಡುಗಿದ. "ಅಣ್ಣನ ಮೇಲೆ ಅಧಿಕಾರ ಇದ್ದ ಮೇಲೆ ತಮ್ಮನ ಮೇಲೂ ಇದೆ. ಇವತ್ತಿನಿಂದ ಕಾಡಿನಲ್ಲಿ ಆವಿಯೇ ಬಂದ್!"

ಪರಿಮಳಪ್ಪನ ಕಣ್ಣು ಮಿಂಚಿತು. "ಎಲ್ಲಾ ಆವಿಯೂ?"

"ಎಲ್ಲಾ ಆವಿಯೂ!"

"ಹಾಗಾದ್ರೆ ಅಗೋ, ಮೊದಲು ಬೋರಣ್ಣನ್ನ ಹಿಡಿ."

ಚಳಿಯ ಬೆಳಗು. ಕಾಡುಕೋಣ ಬೋರಣ್ಣ ಮೂಗಿನಿಂದ ಬುಸ್ಸೆಂದು ಆವಿ ಬಿಡುತ್ತಾ ನಿಂತಿದ್ದ. ಚೂಪಯ್ಯ ಮಾತಾಡಿಬಿಟ್ಟಿದ್ದ, ಇನ್ನು ಹಿಂದೆ ಸರಿಯುವುದು ಹೇಗೆ?

"ಬೋರಣ್ಣಾ, ಉಸಿರು ನಿಲ್ಲಿಸು!"

"ಎಷ್ಟು ಹೊತ್ತು ತಮ್ಮಾ?"

"ಬಿಸಿಲೇರೋವರೆಗೆ!"

ಬೋರಣ್ಣ ನೇರ ಹೊಂಡಕ್ಕೆ ಹೋಗಿ ದೂರು ಕೊಟ್ಟ. ದೊಡ್ಡವ್ವ ನಕ್ಕ ರಭಸಕ್ಕೆ ಏಳು ಮರ ಉರುಳಿದವು. ಸರಿ, ಎರಡು.

"ಚೂಪಯ್ಯಾ, ನಾವು ಗೀಚಿದ್ದು ಹೊಗೆ ಅಂತ. ಉಸಿರು ತಡೆಯೋಕೆ ಯಾರಪ್ಪಾ ಹೇಳಿದ್ದು? ನಿನ್ನ ಆವಿ ಬಂದ್ ರದ್ದು!"

"ಪೂರ್ತಿ ರದ್ದಾ ಅವ್ವಾ?" ಎಂದ ಪರಿಮಳಪ್ಪ.

"ಪೂರ್ತಿ!"

ನಗುವಿನ ಗದ್ದಲದಲ್ಲಿ ಚಿಂಕಿಯ ಗಂಟಲಿನ ಮಾತು ಯಾರ ನೆನಪಿಗೂ ಬರಲಿಲ್ಲ. ಚೂಪಯ್ಯನೂ ಅವಮಾನದಿಂದ ಬಾಯಿ ಬಿಡಲಿಲ್ಲ. ಪರಿಮಳಪ್ಪ ಮಾತ್ರ ಹಲಸಿನ ರುಚಿಯ ಹೊಸ ಕೊಳವೆ ತಂದ!

ಮೂರನೆಯ ದಿನ ಪೊದೆ ಅಲುಗಿತು. ಚಿರತೆ! ಚಿಂಕಿ ಬಾಯಿ ತೆರೆದಳು. "ಹಿಸ್ಸ್..." ಗಾಳಿ ಬಂತು, ದನಿ ಬರಲಿಲ್ಲ. ಕೆಳಗೆ ಜಿಂಕೆಮರಿ ಗರಿಕೆ ಮೇಯುತ್ತಲೇ ಇತ್ತು. ಚಿರತೆ ಹಾರಿತು! ಅಷ್ಟರಲ್ಲಿ ಚರಚರ ಎಂದು ಮುಳ್ಳು ಅಲುಗಿಸುತ್ತಾ ನಡುವೆ ನುಗ್ಗಿದ ಚೂಪಯ್ಯ! ಚಿರತೆಯ ಪಂಜಕ್ಕೆ ಆರು ಮುಳ್ಳು ನಾಟಿದವು. ಅದು ಕುಂಟುತ್ತಾ ಓಡಿತು. ಜಿಂಕೆಮರಿ ಬದುಕಿತು, ತೊಡೆಯ ಮೇಲೊಂದು ಗೀರಿನೊಂದಿಗೆ.

ಚೂಪಯ್ಯ ಆ ಮರಿಯನ್ನೂ ಚಿಂಕಿಯನ್ನೂ ಕರೆದುಕೊಂಡು ಹೊಂಡಕ್ಕೆ ಹೋದ. ತಲೆ ತಗ್ಗಿಸಿ ಹೇಳಿದ, "ದೊಡ್ಡವ್ವಾ, ನನಗೆ ಎಲ್ಲಾ ಆವಿ ಬೇಡ. ಕೊಳವೆಯಲ್ಲಿ ಹೊಗೆಸೊಪ್ಪಿನ ರಸ ಹಾಕಿ ಮರಿಗಳಿಗೆ ಕೊಡ್ತಾರಲ್ಲ, ಅದನ್ನ ತಡೆಯೋಕೆ ಮಾತ್ರ ಒಂದು ಸಾಲು ಕೊಡಿ."

"ಇದನ್ನ ಅವತ್ತೇ ಯಾಕಪ್ಪಾ ಕೇಳಲಿಲ್ಲ?"

"ಕೇಳಿದ್ರೆ ನನ್ನ ಅಧಿಕಾರ ಎಷ್ಟು ಚಿಕ್ಕದು ಅಂತ ಎಲ್ಲರಿಗೂ ಗೊತ್ತಾಗ್ತಿತ್ತು."

ದೊಡ್ಡವ್ವ ಮರಿಯ ಗಾಯ ನೋಡಿದಳು. ಈ ಸಲ ನಗಲಿಲ್ಲ. ಮೂರು ಸಲ ಮಣ್ಣು ನೆಕ್ಕುವಷ್ಟರಲ್ಲಿ ಹೊಸ ಸಾಲು ಮರದ ಮೇಲಿತ್ತು! ಪರಿಮಳಪ್ಪ ಅದನ್ನು ಎರಡು ಸಲ ಓದಿದ, ನುಸುಳಲು ಸಂದು ಸಿಗಲಿಲ್ಲ. ಕೊಳವೆಗಳನ್ನೆಲ್ಲ ತಂದು ಚೂಪಯ್ಯನ ಮುಂದೆ ಸುರಿದ.

ಹತ್ತನೆಯ ದಿನ ಮರದ ತುದಿಯಿಂದ "ಖಕ್! ಖಕ್!" ಕೇಳಿತು. ಜಿಂಕೆಗಳು ದಿಕ್ಕಾಪಾಲಾಗಿ ಓಡಿದವು. ಚಿರತೆ ಇರಲಿಲ್ಲ. ಚಿಂಕಿ ದನಿ ಬಂತೋ ಇಲ್ಲವೋ ಎಂದು ಸುಮ್ಮನೆ ಪರೀಕ್ಷೆ ಮಾಡಿದ್ದಳು! ಎಲ್ಲರಿಗಿಂತ ಮುಂದೆ ಓಡಿದವನು ಚೂಪಯ್ಯ.

ನೀತಿ: ಇಲ್ಲದ ಅಧಿಕಾರ ಚಲಾಯಿಸಿದರೆ ಒಳ್ಳೆಯ ಕೆಲಸವೂ ಕೆಡುತ್ತದೆ, ಬೇಕಾದಷ್ಟನ್ನು ಕೇಳಿ ಪಡೆಯುವುದೇ ಜಾಣತನ.