ಕೌದಿಯ ಸಂಕವ್ವ ಮತ್ತು ತೆರೆದ ಬಾಗಿಲು

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲಕ್ಕೆ, ಬಿಳಿಜೋಳದ ಸೀಮೆಯ ಒಂದೂರಿಗೆ ಸಂಕವ್ವ ಎಂಬುವಳು ಬರುತ್ತಿದ್ದಳಂತೆ. ಹಳೆ ಸೀರೆ, ಹರಿದ ಧೋತರ ಏನೇ ಕೊಡಿ, ನಿಮ್ಮ ಕಟ್ಟೆಯ ಮೇಲೇ ಕೂತು ಕೌದಿ ಹೊಲಿದುಕೊಡುತ್ತಿದ್ದಳು. ಅವಳ ಕೌದಿ ಹೊದ್ದವರಿಗೆ ಸತ್ತ ತಾಯಿ ಕನಸಿನಲ್ಲಿ ಬಂದು ತಲೆ ಬಾಚುತ್ತಿದ್ದಳಂತೆ. ಹಾಗಂತಾರೆ. ಹೊದ್ದು ನೋಡಿದವರು ಈಗ ಯಾರೂ ಇಲ್ಲ.

ಆ ಊರಿನವರಿಗೆ ಒಂದು ಭಯ. ಹೆಣ್ಣುಮಕ್ಕಳನ್ನು ಕದಿಯುವವನು ಹೊರಗಿನಿಂದ ಬರುತ್ತಾನೆ, ಹೆಗಲ ಮೇಲೆ ಗೋಣಿಚೀಲ ಇರುತ್ತದೆ, ಬಾಯಿಗೆ ಬಟ್ಟೆ ತುರುಕಿ ಹೊತ್ತೊಯ್ಯುತ್ತಾನೆ ಅಂತ. ಅದಕ್ಕೇ ಪಾಪ, ಸಂಕವ್ವನ ಅರಿವೆಗಂಟನ್ನು ಊರ ಅಗಸೆಬಾಗಿಲಲ್ಲೇ ಬಿಚ್ಚಿಸಿ ನೋಡುತ್ತಿದ್ದರು. ಅದೇ ಅಗಸೆಯಿಂದ ಫಕೀರವ್ವ ಎಂಬ ಹುಡುಗಿ ಹಾಡುಹಗಲೇ ಹೊರಟಳು. ಕರೆದೊಯ್ದವಳು ಸ್ವಂತ ಸೋದರತ್ತೆ. ಪೇಟೆಯ ದೊಡ್ಡ ಮನೆಯಲ್ಲಿ ಕೆಲಸ, ಹೊಟ್ಟೆ ತುಂಬ ಊಟ ಅಂದಳು. ಹುಡುಗಿ ಹೊಸ ಸೀರೆ ಉಟ್ಟು ನಗುತ್ತಾ ಹೋದಳು. ಊರವರೇ ಉಡಿ ತುಂಬಿ ಕಳಿಸಿದರು.

ಮಳೆಗಾಲಗಳು ಬಂದವು, ಹೋದವು. ಫಕೀರವ್ವ ಬರಲಿಲ್ಲ. ತಾಯಿ ಅತ್ತರೆ ಊರು ಸಮಾಧಾನ ಹೇಳಿತಂತೆ: ಪೇಟೆಗೆ ಹೋದಾಗ ನಾವೇ ನೋಡಿದ್ದೇವೆ, ಆ ಮನೆಯ ಬಾಗಿಲು ಸದಾ ತೆರೆದಿರುತ್ತದೆ, ಅವಳ ಕಾಲಿಗೆ ಸರಪಳಿ ಇಲ್ಲ, ಬರಬೇಕೆಂದಿದ್ದರೆ ಬರುತ್ತಿರಲಿಲ್ಲವೇ, ಪೇಟೆಯ ರುಚಿ ಹತ್ತಿದೆ ಬಿಡು.

ಎಂಥ ಸಮಾಧಾನ ನೋಡಿ. ಸಂಕವ್ವ ಅದನ್ನು ಕೇಳಿಸಿಕೊಂಡಳು. ಗಂಟು ಹೊತ್ತು ಪೇಟೆಗೆ ನಡೆದಳು. ಕೌದಿ ಹೊಲಿಯುವ ನೆಪ ಮಾಡಿ ಆ ಮನೆಯೊಳಗೆ ಕೂತಳು. ಫಕೀರವ್ವ ಹೊತ್ತು ಹುಟ್ಟುವ ಮೊದಲೇ ದುಡಿತಕ್ಕೆ ಬೀಳುತ್ತಿದ್ದಳು. ಯಾರಾದರೂ ತಲೆ ಕೆರೆದುಕೊಳ್ಳಲೆಂದು ಕೈ ಎತ್ತಿದರೂ ಕುಗ್ಗಿಹೋಗುತ್ತಿದ್ದಳು. ನಡಿ ಮಗಳೇ, ಊರಿಗೆ ಹೋಗೋಣ ಅಂದಳು ಸಂಕವ್ವ. ಹುಡುಗಿ ಸಿಟ್ಟಿಗೆದ್ದಳು. ನಾನಿಲ್ಲಿ ಸುಖವಾಗಿದ್ದೇನೆ, ಕೇಳಲು ನೀನು ಯಾರು ಅಂದಳು.

ಬೇರೆಯವರಾಗಿದ್ದರೆ ಸೆರಗು ಕೊಡವಿ ಎದ್ದು ಬರುತ್ತಿದ್ದರು. ಸಂಕವ್ವ ಸೂಜಿಗೆ ದಾರ ಪೋಣಿಸಿದಳು. ಬೈಸಿಕೊಂಡಳು, ಹೊಲಿದಳು. ಮತ್ತೆ ಬೈಸಿಕೊಂಡಳು, ಮತ್ತೆ ಹೊಲಿದಳು. ಕಡೆಗೊಂದು ಮಧ್ಯಾಹ್ನ ಹುಡುಗಿ ಪಕ್ಕಕ್ಕೆ ಬಂದು ಕೂತು, ಕೌದಿಯ ಅಂಚು ಹಿಡಿದು ಪಿಸುಗುಟ್ಟಿದಳು.

"ನಾ ಹೊಸ್ತಿಲಾ ದಾಟಿದ್ರ ಅತ್ತಿ ನನ್ನ ತಂಗೀನ ತಂದು ಇಲ್ಲೇ ಹಾಕ್ತಾಳಂತ, ಯವ್ವಾ."

ಸಂಕವ್ವ ಊರಿಗೆ ಓಡಿದಳು. ತಂಗಿ ಹೊನ್ನಿಯನ್ನೂ ತಾಯಿಯನ್ನೂ ಓಣಿಯ ಹೆಂಗಸರನ್ನೂ ಎಬ್ಬಿಸಿಕೊಂಡು ಬಂದು, ಆ ಮನೆಯ ಮುಂದೆಯೇ ಕೌದಿ ಹಾಸಿ ಕೂರಿಸಿದಳು. ನಡುವೆ ಹೊನ್ನಿ. ಎಲ್ಲರೂ ಹೊಲಿಯತೊಡಗಿದರು. ಕೌದಿ ಬೆಳೆಯಿತಂತೆ. ಬೀದಿ ತುಂಬಿತಂತೆ, ಪೇಟೆ ದಾಟಿತಂತೆ, ಹಳ್ಳದ ನೀರಿನ ಮೇಲೆ ತೇಲಿ, ಜೋಳದ ತೆನೆಗಳ ಮೇಲೆ ಮೆಲ್ಲಗೆ ಹಾಸಿಕೊಂಡು ಊರ ಅಗಸೆ ಮುಟ್ಟಿತಂತೆ. ಅತ್ತೆಯೂ ಮನೆಯೊಡೆಯನೂ ತಡೆಯಲು ಬಂದರೆ ಅದರ ಅಂಚಿನಲ್ಲೇ ಅವರ ಕಾಲು ನಿಂತುಹೋದವಂತೆ. ಫಕೀರವ್ವ ತಂಗಿಯನ್ನು ನೋಡಿದಳು. ತಂಗಿಯ ಸುತ್ತ ಒತ್ತಾಗಿ ಕೂತವರನ್ನು ನೋಡಿದಳು. ಆಮೇಲೆ ಹೊಸ್ತಿಲು ದಾಟಿದಳು.

ಅಗಸೆಯಲ್ಲಿ ಊರ ಹಿರಿಯರೆಲ್ಲ ಕಾದಿದ್ದರು. ಬಾಗಿಲು ತೆರೆದೇ ಇತ್ತಲ್ಲ, ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಗೌಡ ಕೇಳಿದ. ಹುಡುಗಿ ತಲೆ ತಗ್ಗಿಸಿದಳು. ಸಂಕವ್ವ ಅವಳ ಮುಂದೆ ಬಂದು ನಿಂತಳು.

"ಬಾಗ್ಲಾ ತೆರೆದಿತ್ತು ಖರೆ ಗೌಡ್ರ. ನೀವ್ಯಾಕ ಒಳಗ ಹೋಗಲಿಲ್ಲ?"

ಗೌಡ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಸಂಕವ್ವ ಮುಂದೆ ಯಾವ ಊರಿಗೆ ಹೋದಳೋ ಯಾರಿಗೂ ತಿಳಿಯದು.

ಆದರೆ ಇವತ್ತಿಗೂ ಆ ಊರಿನಿಂದ ಯಾವ ಹುಡುಗಿ ದುಡಿಯಲು ಪರವೂರಿಗೆ ಹೋದರೂ, ಕರೆದೊಯ್ದವರು ಅತ್ತೆಯೇ ಆಗಲಿ ಮಾವನೇ ಆಗಲಿ, ಸ್ವಲ್ಪ ದಿನಕ್ಕೆ ಓಣಿಯ ಒಬ್ಬ ಹೆಂಗಸು ಕರೆಯದೆಯೇ ಆ ಮನೆಗೆ ಹೋಗುತ್ತಾಳೆ. ಹೊರಗಿನಿಂದ ಮಾತಾಡಿಸಿ ಬರುವಂತಿಲ್ಲ. ಒಳಗೆ ಹೋಗಿ, ಹುಡುಗಿಯ ಪಕ್ಕ ಕೂತು, ನೀರು ಕೇಳಿ ಕುಡಿಯಬೇಕು. ನಾನು ಆರಾಮಾಗಿದ್ದೇನೆ, ನೀನು ಹೋಗು ಅಂತ ಹುಡುಗಿ ಅಂದರೂ ತಟ್ಟನೆ ಏಳುವಂತಿಲ್ಲ. ಇನ್ನಷ್ಟು ಹೊತ್ತು ಕೂತಿರಬೇಕು.