ಹೊಸ್ತಿಲಲ್ಲಿ ಆಡಿದ ಮಾತು

"ಗುರುಗಳೇ, ಗಟ್ಟಿಯಾದ ಸಂಶೋಧನಾ ಪ್ರಸ್ತಾವನೆಯನ್ನು ಬರೆಯುವುದು ಹೇಗೆ?"

ಕೇಳಿದವನು ಕೊಟ್ರೇಶ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಲು ಹೊರಟವನು. ಅವನು ಬರೆದುಕೊಟ್ಟಿದ್ದ ಪ್ರಸ್ತಾವನೆಯನ್ನು ಪರಿಶೀಲನಾ ಸಮಿತಿ ಹಿಂದಕ್ಕೆ ಕಳಿಸಿತ್ತು. ಈಗ ಅದನ್ನು ತಿದ್ದಿ, ಬೆಳೆಸಿ, ದಪ್ಪ ಮಾಡಿ ತಂದಿದ್ದ. ಈ ಸಲವೂ ಒಪ್ಪಿಗೆ ಸಿಗದಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ಗುರುಗಳು ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ನಿವೃತ್ತರಾದವರು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಓದುವ ಹುಡುಗರು ಅವರ ಮನೆಯ ಪಡಸಾಲೆಗೆ ಬರುವುದು ನಿಂತಿರಲಿಲ್ಲ.

ಗುರುಗಳು ಹಾಳೆಗಳ ಕಟ್ಟನ್ನು ಕೈಗೆತ್ತಿಕೊಂಡರು. ಬಿಚ್ಚಲಿಲ್ಲ. ಒಮ್ಮೆ ತೂಗಿ ನೋಡಿ ಪಕ್ಕಕ್ಕಿಟ್ಟರು.

"ತೂಕವೇನೋ ಚೆನ್ನಾಗಿದೆ. ಓದುವುದು ಆಮೇಲೆ ಇರಲಿ. ಮೊದಲು ಒಂದು ಕತೆ ಕೇಳು. ಸಂತೋಷದ ಕತೆಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿ ಎದ್ದು ಹೋಗುವಾಗ ನನ್ನನ್ನು ಬೈಯಬೇಡ" ಎಂದು ಶುರು ಮಾಡಿದರು.

ಕಲ್ಲುಗುಡ್ಡಗಳ ಬುಡದಲ್ಲಿ ಒಂದು ಊರಿತ್ತು. ಆ ಗುಡ್ಡಗಳಲ್ಲಿ ಮಣ್ಣಿಗಿಂತ ಬಂಡೆ ಹೆಚ್ಚು. ಬಂಡೆಗಳ ನಡುವೆ ಸೀಳುಗಳು. ಕೆಲವು ಸೀಳುಗಳಲ್ಲಿ ಇಣುಕಿದರೆ ತಳ ಕಾಣುವುದಿಲ್ಲ. ಆಡು ಮೇಯಿಸಲು, ಹುಲ್ಲು ಕೊಯ್ಯಲು, ಜೇನು ಕೀಳಲು ಊರಿನವರು ಅಲ್ಲಿಗೇ ಹೋಗಬೇಕು. ಹೋದವರಲ್ಲಿ ಆಗೊಬ್ಬ ಈಗೊಬ್ಬ ತಿರುಗಿ ಬರುತ್ತಿರಲಿಲ್ಲ.

ಆದ್ದರಿಂದ ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ಕಾಣೆಯಾದರೆ, ಹುಡುಕಲು ಹೋಗುವವನು ಮೊದಲು ಆ ಮನೆಯ ಹೊಸ್ತಿಲ ಹೊರಗೆ ನಿಲ್ಲಬೇಕು. ಮನೆಯವರೂ ಊರ ಹಿರಿಯರೂ ಕೇಳುವಂತೆ ಹೇಳಬೇಕು. ಎಲ್ಲಿಗೆ ಹೋಗುತ್ತೇನೆ, ಅಲ್ಲಿಗೇ ಯಾಕೆ, ಯಾವ ದಾರಿಯಲ್ಲಿ, ಏನು ಕಂಡರೆ ಅವನು ಅಲ್ಲಿದ್ದಾನೆಂದು ತಿಳಿಯುತ್ತೇನೆ, ಏನು ಕಾಣದಿದ್ದರೆ ಇಲ್ಲವೆಂದು ತಿಳಿದು ಹಿಂದಿರುಗುತ್ತೇನೆ. ಇದಕ್ಕೆ ಹೊಸ್ತಿಲ ಮಾತು ಎಂದು ಹೆಸರು. ತಿರುಗಿ ಬಂದ ಮೇಲೆ ಮತ್ತೆ ಅದೇ ಹೊಸ್ತಿಲಿಗೆ ಬರಬೇಕು. ಸಿಕ್ಕಿರಲಿ, ಸಿಗದೇ ಇರಲಿ, ಕಂಡದ್ದನ್ನು ಹೇಳಬೇಕು. ಅದನ್ನು ಕೇಳಿಕೊಂಡೇ ಮುಂದಿನವನು ಹೊರಡಬೇಕು.

ಇದೆಲ್ಲ ಸುಮ್ಮನೆ ಮಾಡಿಕೊಂಡದ್ದಲ್ಲ. ಆ ಗುಡ್ಡದಲ್ಲಿ ಕೂಗಿದರೆ ಕೂಗು ನಾಲ್ಕೂ ದಿಕ್ಕಿನಿಂದ ತಿರುಗಿ ಕೇಳುತ್ತದೆ. ಇಬ್ಬರು ಒಟ್ಟಿಗೆ ಹುಡುಕಿದರೆ ಯಾರ ಕೂಗಿಗೆ ಯಾರು ಓಗೊಟ್ಟರೆಂದು ತಿಳಿಯದು. ಅದಕ್ಕೇ ಒಂದು ಸಲಕ್ಕೆ ಒಬ್ಬನೇ ಹೋಗಬೇಕು. ಹಾಗೆ ಹೋದವನೂ ಬಾರದಿದ್ದರೆ ಅವನು ಹೇಳಿದ ದಾರಿಯಲ್ಲೇ ಅವನನ್ನು ಅರಸಬೇಕು. ಅದಕ್ಕೇ ಹೊಸ್ತಿಲಲ್ಲಿ ಹೇಳಿದ ದಾರಿಯನ್ನು ಯಾರೂ ಬಿಡುವಂತಿಲ್ಲ. ಇನ್ನೊಂದು ಮಾತು. ಸೀಳಿಗೆ ಇಳಿಯಲು ಉದ್ದನೆಯ ಹಗ್ಗ ಬೇಕು. ಊರಿನಲ್ಲಿ ಇದ್ದದ್ದು ಅಂಥದ್ದೊಂದೇ. ಯಾರ ಮಾತು ಸರಿಯೆನ್ನಿಸುತ್ತದೋ ಅವನಿಗೆ ಹಿರಿಯರು ಅದನ್ನು ಕೊಡುತ್ತಿದ್ದರು.

ಇಷ್ಟು ಹೇಳಿ ಗುರುಗಳು ಶಿಷ್ಯನ ಮುಖ ನೋಡಿದರು. "ಪ್ರಸ್ತಾವನೆ ಎಂದರೆ ಇದೇ. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಇಲ್ಲಿಗೇ ಎದ್ದುಹೋಗುತ್ತೀಯೋ, ಕತೆ ಕೇಳುತ್ತೀಯೋ?"

"ಕೇಳುತ್ತೇನೆ" ಎಂದ ಕೊಟ್ರೇಶ.

ಹಾಗಾದರೆ ಕೇಳು. ಕಾಲ ಕಳೆದಂತೆ ಹೊಸ್ತಿಲ ಮಾತು ಕೆಟ್ಟಿತು. ಒಳಗೆ ಅಳುತ್ತಿರುವವರಿಗಾಗಿ ಇದ್ದ ಮಾತು ಹೊರಗೆ ಕುಳಿತವರ ಮೆಚ್ಚುಗೆಗೆ ತಿರುಗಿತು. ಸಣ್ಣ ಜಾಗವನ್ನು ಹೇಳಿದವನು ಪುಕ್ಕಲ ಎನ್ನಿಸಿಕೊಂಡ. ಸಿಗದೇ ಇರಬಹುದು ಎಂದವನು ಬಾಯಲ್ಲಿ ಒಳ್ಳೆಯ ಮಾತಿಲ್ಲದವನು ಎನ್ನಿಸಿಕೊಂಡ. ಹಿರಿಯರು ಕೆಟ್ಟವರಲ್ಲ. ಅವರು ಗುಡ್ಡ ಹತ್ತುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು, ಅಷ್ಟೇ. ಅಂಥವರ ಸಭೆಗಳನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಚಹಾ ಚೆನ್ನಾಗಿರುತ್ತದೆ.

ಒಂದು ಬೇಸಿಗೆಯಲ್ಲಿ ಆ ಊರಿನ ಒಬ್ಬ ರೈತ ಹುಲ್ಲು ಕೊಯ್ಯಲು ಗುಡ್ಡಕ್ಕೆ ಹೋದ. ಕತ್ತಲಾದರೂ ಬರಲಿಲ್ಲ. ಅವನ ಹೆಂಡತಿ ಬಾಗಿಲು ತೆರೆದಿಟ್ಟುಕೊಂಡೇ ಬೆಳಗು ಮಾಡಿದಳು.

ಬೆಳಿಗ್ಗೆ ಹೆಸರುವಾಸಿ ಬೇಟೆಗಾರನೊಬ್ಬ ಹೊಸ್ತಿಲಿಗೆ ಬಂದ. "ಗುಡ್ಡಾನೆಲ್ಲಾ ಜಾಲಾಡ್ತೀನಿ. ಒಂದ ಕಲ್ಲು ಬಿಡೂದಿಲ್ಲ. ಅವನ್ನ ಕರಕೊಂಡೇ ಬರ್ತೀನಿ" ಎಂದ. ಹಿರಿಯರು ತಲೆದೂಗಿದರು. ಎಲ್ಲಿಗೆ, ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಹಗ್ಗ ಅವನ ಹೆಗಲೇರಿತು.

ಬೇಟೆಗಾರ ದೊಡ್ಡ ದಾರಿ ಹಿಡಿದು ಹತ್ತಿದ. ಗುಡ್ಡದ ಮುಂಭಾಗದ ಗವಿಗಳನ್ನು ನೋಡಿದ. ತುದಿಯಲ್ಲಿ ನಿಂತು ಕೂಗಿದ. ರೈತ ಸಿಗಲಿಲ್ಲ. ಅದು ಅವನ ತಪ್ಪಲ್ಲ, ರೈತ ಅಲ್ಲಿರಲಿಲ್ಲ. ಅಲ್ಲಿ ಇಲ್ಲ ಎನ್ನುವುದೂ ಒಂದು ಸುದ್ದಿ. ಅಷ್ಟನ್ನು ಬಂದು ಹೇಳಿದ್ದರೆ ಮುಂದಿನವನ ಅರ್ಧ ಕೆಲಸ ಮುಗಿಯುತ್ತಿತ್ತು. ಆದರೆ ಕರೆದುಕೊಂಡೇ ಬರುತ್ತೇನೆ ಎಂದವನು ಬರಿಗೈಯಲ್ಲಿ ಹೊಸ್ತಿಲ ಮುಂದೆ ಹೇಗೆ ನಿಂತಾನು? ಹಗ್ಗವನ್ನು ಚಾವಡಿಯಲ್ಲಿ ಇಟ್ಟ. ಹಿತ್ತಲ ಕಡೆಯಿಂದ ಮನೆ ಸೇರಿಕೊಂಡ. ಜ್ವರವೆಂದು ಕಂಬಳಿ ಹೊದ್ದು ಮಲಗಿಬಿಟ್ಟ. ಅವನು ಎಲ್ಲೆಲ್ಲಿ ನೋಡಿದ್ದನೆಂದು ಯಾರಿಗೂ ತಿಳಿಯಲಿಲ್ಲ. ಹೋಗಿ ಕೇಳಲು ಹಿರಿಯರಿಗೆ ಸಂಕೋಚ. ದೊಡ್ಡ ಮನುಷ್ಯ, ನೊಂದುಕೊಂಡಾನು ಎಂದರು. ಕಾಣೆಯಾದವನ ಹೆಂಡತಿ ಸಂಜೆಯವರೆಗೂ ಹೊಸ್ತಿಲಲ್ಲಿ ಕುಳಿತೇ ಇದ್ದಳು.

ರೈತನಿಗೆ ಒಬ್ಬ ತಮ್ಮನಿದ್ದ. ಬೇರೆ ಊರಿಗೆ ಹೋಗಿದ್ದ. ಸುದ್ದಿ ಕೇಳಿ ಅಂದು ಸಂಜೆ ಓಡಿಬಂದ. ಅಣ್ಣತಮ್ಮಂದಿರು ಚಿಕ್ಕಂದಿನಿಂದ ಜೊತೆಯಲ್ಲಿ ಹುಲ್ಲು ಕೊಯ್ದವರು. ಗುಡ್ಡದ ಮುಂಭಾಗದ ಹುಲ್ಲು ಆ ಬಿಸಿಲಿಗೆ ಒಣಗಿಹೋಗಿರುತ್ತದೆ. ಹಿಂಬದಿಯಲ್ಲಿ ಒಂದು ಕಣಿವೆಯಿದೆ. ಅಲ್ಲಿ ನೆರಳು ಹೆಚ್ಚು, ಅಲ್ಲಿ ಮಾತ್ರ ಹಸಿ ಹುಲ್ಲು ಉಳಿದಿರುತ್ತದೆ. ಆ ಹುಲ್ಲಿನ ಮರೆಯಲ್ಲಿ ಒಂದು ಸೀಳೂ ಇದೆ. ತಮ್ಮನ ಮನಸ್ಸು ನೇರವಾಗಿ ಅಲ್ಲಿಗೇ ಹೋಯಿತು.

ಮರುದಿನ ಬೆಳಗಾಗುವಾಗ ಅವನು ಅಣ್ಣನ ಮನೆಯ ಹೊಸ್ತಿಲ ಹೊರಗೆ ನಿಂತ. ಅತ್ತಿಗೆ ಒಳಗೆ ಬಾಗಿಲಿಗೆ ಒರಗಿ ನಿಂತಿದ್ದಳು.

"ನಿನಗ ಏನ ಅನಸ್ತೈತಪ್ಪಾ? ಎಲ್ಲಿ ಅದಾರ ನಿಮ್ಮಣ್ಣ?" ಎಂದು ಕೇಳಿದಳು.

"ಖರೇ ಹೇಳಬೇಕಂದ್ರ ನನಗ ಗೊತ್ತಿಲ್ಲ ಅತ್ತಿಗೀ. ಆದ್ರ ಹಸಿ ಹುಲ್ಲು ಈಗ ಹಿಂದಿನ ಕಣಿವ್ಯಾಗ ಅಷ್ಟ ಐತಿ. ನಾ ಅಲ್ಲಿಗಷ್ಟ ಹೋಗ್ತೀನಿ. ಕೊಯ್ದ ಗುರುತು ಕಂಡ್ರ ಸೀಳಿಗೆ ಇಳಿದು ನೋಡ್ತೀನಿ. ಗುರುತು ಇಲ್ಲಂದ್ರ ಬಂದು ಇಲ್ಲ ಅಂತ ಹೇಳ್ತೀನಿ."

ಆ ಊರಿನಲ್ಲಿ ಅಂಥ ಮಾತನ್ನು ಯಾರೂ ಆಡದೆ ಎಷ್ಟೋ ಕಾಲವಾಗಿತ್ತು. ಅತ್ತಿಗೆಯ ಮುಖದಲ್ಲಿ ಸ್ವಲ್ಪ ಜೀವ ಬಂತು. ಆಗ ಹಿರಿಯನೊಬ್ಬ ಕೆಮ್ಮಿದ.

"ಇಷ್ಟ ಏನೋ? ಗೊತ್ತಿಲ್ಲ ಅಂತ ನೀನ ಹೇಳ್ತಿ. ಒಂದ ಕಣಿವಿ ನೋಡಾಕ ಊರ ಹಗ್ಗ ಕೇಳ್ತಿ?"

ಕುಳಿತವರಲ್ಲಿ ಒಬ್ಬಿಬ್ಬರು ನಕ್ಕರು. ತಮ್ಮ ಹಗ್ಗದ ಕಡೆ ನೋಡಿದ. ಹಗ್ಗವಿಲ್ಲದೆ ಸೀಳಿಗೆ ಇಳಿಯುವುದು ಸಾಧ್ಯವಿಲ್ಲ. ಹಗ್ಗ ತಪ್ಪಿದರೆ ಅಣ್ಣ ತಪ್ಪಿದಂತೆ. ಅವನು ಮಾತನ್ನು ಮತ್ತೆ ಶುರು ಮಾಡಿದ. ದೊಡ್ಡ ದಾರಿಯಿಂದ ಹತ್ತುತ್ತೇನೆ ಎಂದ. ಮುಂಭಾಗದ ಗವಿಗಳನ್ನು ಒಂದೂ ಬಿಡದೆ ನೋಡುತ್ತೇನೆ ಎಂದ. ತುದಿಗೆ ಹೋಗುತ್ತೇನೆ, ಅಲ್ಲಿಂದ ಮೂಡಲ ಬಂಡೆಗಳು, ಆಮೇಲೆ ಪಡುವಣ ಬಂಡೆಗಳು ಎಂದ. ಹೇಳುತ್ತ ಹೋದಂತೆ ಹಿರಿಯರ ಮುಖ ಅರಳಿತು. ಅವರ ಮುಖ ಅರಳಿದಂತೆ ಇವನ ದನಿ ಏರಿತು. ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಅನ್ನಿಸಲೇ ಇಲ್ಲ, ಯಾಕೆಂದರೆ ಅದು ಸುಳ್ಳಾಗಿರಲಿಲ್ಲ. ಅಷ್ಟನ್ನೂ ಮಾಡುವ ಮನಸ್ಸು ಅವನಿಗಿತ್ತು. ಕಣಿವೆಯ ಹೆಸರನ್ನು ಕಟ್ಟಕಡೆಗೆ, ಮೆಲ್ಲಗೆ ಹೇಳಿದ.

ಹಿರಿಯರು ಹಗ್ಗ ಕೊಟ್ಟರು. ಬೆನ್ನು ತಟ್ಟಿದರು. ಅತ್ತಿಗೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎಲ್ಲರೂ ಎದ್ದಿದ್ದರು.

ಹೇಳಿದ ದಾರಿಯನ್ನು ಬಿಡುವಂತಿಲ್ಲ. ಗುಡ್ಡದ ಬುಡದಲ್ಲಿ ದಾರಿ ಎರಡಾಗಿ ಒಡೆಯುತ್ತದೆ, ಒಂದು ಮೇಲಕ್ಕೆ, ಒಂದು ಹಿಂಬದಿಯ ಕಣಿವೆಗೆ. ತಮ್ಮ ಅಲ್ಲಿ ನಿಂತ. ತಿರುಗಿ ನೋಡಿದ. ಚಾವಡಿಯಿಂದ ಹಿರಿಯರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಹೇಳಿದ್ದೊಂದು ಮಾಡಿದ್ದೊಂದು ಎಂದಾರು ಎಂದು ಹೆದರಿ ಮೇಲಿನ ದಾರಿ ಹಿಡಿದ.

ಮುಂಭಾಗದ ಗವಿಗಳಲ್ಲಿ ಬೇಟೆಗಾರನ ಹೆಜ್ಜೆಗಳು ಮೂಡಿದ್ದವು. ಯಾರೋ ಆಗಲೇ ಬಂದು ನೋಡಿಹೋಗಿದ್ದಾರೆಂದು ಅವನಿಗೆ ತಿಳಿಯಿತು. ಆದರೂ ಪ್ರತಿಯೊಂದು ಗವಿಯನ್ನೂ ಹೊಕ್ಕು ನೋಡಿದ. ನೋಡುತ್ತೇನೆಂದು ಹೇಳಿದ್ದನಲ್ಲ! ತುದಿ ಮುಟ್ಟುವಾಗ ಹೊತ್ತು ನೆತ್ತಿಗೇರಿತ್ತು. ಮೂಡಲ ಬಂಡೆಗಳನ್ನು ಮುಗಿಸುವಾಗ ಹೊತ್ತು ಇಳಿಯಿತು. ಪಡುವಣದಲ್ಲಿ ಕತ್ತಲು ಕವಿಯಿತು. ಅಲ್ಲೇ ಒಂದು ಬಂಡೆಗೆ ಒರಗಿದ. ಬೆಳಕು ಹರಿದ ಮೇಲೆ ಉಳಿದದ್ದನ್ನು ಮುಗಿಸಿ, ಓಡುತ್ತ ಕಣಿವೆಗೆ ಇಳಿದ.

ಕಣಿವೆಯಲ್ಲಿ ಕೊಯ್ದ ಹುಲ್ಲಿನ ಹೊರೆ ಇತ್ತು. ಕಟ್ಟಿಯೂ ಆಗಿತ್ತು. ಪಕ್ಕದಲ್ಲೇ ಸೀಳು. ತಮ್ಮ ಕೂಗಿದ. ಉತ್ತರ ಬರಲಿಲ್ಲ. ಹಗ್ಗವನ್ನು ಬಂಡೆಗೆ ಬಿಗಿದು ಇಳಿದ.

ಅಣ್ಣ ಕೆಳಗೆ ಗೋಡೆಗೆ ಒರಗಿ ಕುಳಿತಿದ್ದ. ಕಾಲು ಮುರಿದಿತ್ತು. ಉಟ್ಟ ಪಂಚೆಯನ್ನೂ ತಲೆಯ ರುಮಾಲನ್ನೂ ಹರಿದು, ಗಂಟು ಹಾಕಿ, ತುದಿಗೆ ಕುಡುಗೋಲು ಕಟ್ಟಿ ಮೇಲಕ್ಕೆ ಎಸೆದಿದ್ದ. ಒಂದು ಸಲವಲ್ಲ, ಮತ್ತೆ ಮತ್ತೆ. ಬಂಡೆಯ ಮೇಲೆ ಕುಡುಗೋಲು ಗೀಚಿದ ಗುರುತುಗಳಿದ್ದವು. ಎಲ್ಲಕ್ಕಿಂತ ಮೇಲಿನ ಗುರುತು ಸೀಳಿನ ಬಾಯಿಗಿಂತ ಒಂದಾಳುದ್ದ ಕೆಳಗಿತ್ತು. ತಮ್ಮ ಅಣ್ಣನ ಎದೆಯ ಮೇಲೆ ಕೈಯಿಟ್ಟ. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ಕತೆ ಈ ಜಾಗಕ್ಕೆ ಬಂದಾಗಲೆಲ್ಲ ತಮಗೆ ಸಂಕಟವಾಗುತ್ತದೆ ಎಂದರು ಗುರುಗಳು. ಮತ್ತೆ ಮುಂದುವರಿಸಿದರು.

ಪದ್ಧತಿಯಂತೆ ತಮ್ಮ ಹೊಸ್ತಿಲಿಗೆ ಬಂದು ಕಂಡದ್ದನ್ನು ಹೇಳಿದ. ಅತ್ತಿಗೆ ಅಳಲಿಲ್ಲ. "ನೀ ಮೊದಲ ಅಲ್ಲಿಗೇ ಹೊಂಟಿದ್ದೆಲ್ಲಪ್ಪಾ" ಎಂದಳು. ಆಮೇಲೆ ಅವನು ಎಷ್ಟು ಕಾಲ ಬದುಕಿದನೋ ಅಷ್ಟು ಕಾಲವೂ ಆ ಮನೆಯ ಮುಂದೆ ಹಾದುಹೋಗಲಿಲ್ಲ, ಸುತ್ತು ಬಳಸಿ ಹೋಗುತ್ತಿದ್ದ.

ಹಿರಿಯರು ಮಾತ್ರ ಅವನನ್ನು ಹೊಗಳಿದರು. ಹೇಳಿದ್ದರಲ್ಲಿ ಒಂದನ್ನೂ ಬಿಡದೆ ಮಾಡಿದ ಎಂದರು. ಮುಂದೆ ಹೊಸ್ತಿಲಿಗೆ ಬರುವ ಹುಡುಗರಿಗೆ ಅವನ ಎರಡನೆಯ ಮಾತನ್ನೇ ಮಾದರಿಯೆಂದು ಕಲಿಸಿದರು. ಈಗಲೂ ಕಲಿಸುತ್ತಿದ್ದಾರೆ ಎಂದು ಕಾಣುತ್ತದೆ.

ಕತೆ ಮುಗಿಯಿತು. ಕೊಟ್ರೇಶನಿಗೆ ತಡೆಯಲಾಗಲಿಲ್ಲ.

"ತಪ್ಪು ಹಿರಿಯರದಲ್ಲವೇ ಗುರುಗಳೇ? ಅವನು ಸಣ್ಣದಾಗಿ ಹೇಳಿದ್ದರೆ ಹಗ್ಗವೇ ಸಿಗುತ್ತಿರಲಿಲ್ಲ."

"ಹಿರಿಯರದೂ ಹೌದು. ಬೇಟೆಗಾರನದೂ ಹೌದು. ಅದರಿಂದ ಸತ್ತವನಿಗೇನು ಬಂತು?" ಎಂದರು ಗುರುಗಳು. ಅವರ ದನಿ ಬಿರುಸಾಗಿತ್ತು. "ಆ ತಮ್ಮ ಬೇಟೆಗಾರನ ಬಾಗಿಲು ತಟ್ಟಿ, ಎಲ್ಲೆಲ್ಲಿ ನೋಡಿದೆ ಎಂದು ಕೇಳಿಕೊಂಡು ಬರಬಹುದಿತ್ತು. ಇಷ್ಟ ಏನೋ ಎಂದಾಗ, ಅಲ್ಲಿಗೇ ಯಾಕೆ ಎನ್ನುವುದನ್ನು ಹಿರಿಯರ ತಲೆಗೆ ಹೋಗುವಂತೆ ಇನ್ನೊಮ್ಮೆ ಬಿಡಿಸಿ ಹೇಳಬಹುದಿತ್ತು. ಗೊತ್ತಿಲ್ಲ, ಅದಕ್ಕೇ ಹೋಗುತ್ತಿದ್ದೇನೆ ಎನ್ನಬಹುದಿತ್ತು. ನೀನು ಕೇಳಿದ್ದು ಗಟ್ಟಿ ಮಾಡುವುದು ಹೇಗೆಂದು. ಅವನು ತನ್ನ ಮಾತನ್ನು ಗಟ್ಟಿ ಮಾಡಲಿಲ್ಲ, ದೊಡ್ಡದು ಮಾಡಿದ."

ಕೊಟ್ರೇಶ ಇನ್ನೇನೋ ಕೇಳಲು ಹೊರಟ. ಗುರುಗಳು ಪಕ್ಕದಲ್ಲಿದ್ದ ಹಾಳೆಗಳ ಕಟ್ಟನ್ನು ಎತ್ತಿ ಅವನ ತೊಡೆಯ ಮೇಲಿಟ್ಟರು.

"ನೀನು ಮೊದಲು ಹೋಗಬೇಕೆಂದಿದ್ದ ಜಾಗ ಇದರಲ್ಲಿ ಎಷ್ಟನೆಯ ಪುಟದಲ್ಲಿದೆ?"

ಕೊಟ್ರೇಶ ಕಟ್ಟನ್ನು ಬಿಚ್ಚಿ, ಕಡೆಯ ಪುಟಗಳಿಂದ ಹುಡುಕತೊಡಗಿದ.