ಹಳೆ ಪ್ರಿಂಟರಿನ ದುಭಾಷಿ

ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಎಲ್ಲ ಕೆಲಸವನ್ನೂ ನಡೆಸುವ ಮೂಲ ತಂತ್ರಾಂಶ, ಕರ್ನಲ್ ಎಂಬ ಯಜಮಾನನಿದ್ದ. ಅವನ ಮನೆ ತುಂಬ ಡ್ರೈವರುಗಳು. ಡ್ರೈವರ್ ಎಂದರೆ ಬಸ್ಸು ಓಡಿಸುವವರಲ್ಲ, ದುಭಾಷಿಗಳು. ಹೊರಗಿನ ಒಂದೊಂದು ಯಂತ್ರದ ಮಾತು ಒಬ್ಬೊಬ್ಬರಿಗೆ ಮಾತ್ರ ತಿಳಿಯುತ್ತಿತ್ತು.

ಒಂದು ದಿನ ಹೊಸದಾಗಿ ಬಂದ ವೈಫೈ ಡ್ರೈವರ್ ಮೂಗು ಮುರಿದ. "ಯಜಮಾನರೇ, ಆ ಹಳೆ ಪ್ರಿಂಟರಿನ ಡ್ರೈವರ್ ಇನ್ನೂ ಯಾಕೆ? ಸುಮ್ಮನೆ ಜಾಗಕ್ಕೆ ದಂಡ. ತೆಗೆದುಹಾಕಿ."

ಕರ್ನಲ್‌ಗೆ ತಾನು ಬಹಳ ನ್ಯಾಯವಂತನೆಂಬ ಹೆಮ್ಮೆ. "ಏಕಾಏಕಿ ತೆಗೆಯುವುದು ಧರ್ಮವಲ್ಲ. ಪ್ರಿಂಟರನ್ನೇ ಒಂದು ಮಾತು ಕೇಳೋಣ," ಎಂದ. ಎದುರಿಗಿದ್ದರೆ ಪ್ರಿಂಟರಿಗೆ ಮುಲಾಜಾದೀತೆಂದು ಅದರ ಮುದಿ ಡ್ರೈವರನ್ನು ಜಗಲಿಗೆ ಕಳಿಸಿ, ತಾನೇ ಮೂರು ಸಲ ಕೂಗಿದ: "ಪ್ರಿಂಟರಪ್ಪಾ, ನಿನಗೆ ಈ ಡ್ರೈವರ್ ಬೇಕೋ ಬೇಡವೋ?"

ಮೂರು ಸಲವೂ ಹೊರಗಿನಿಂದ ಬಂದದ್ದು ಬರೀ ಕರ್ ಕರ್ ಸದ್ದು.

"ಉತ್ತರವೇ ಇಲ್ಲ ನೋಡಿ. ಬೇಡವೆಂದೇ ಅರ್ಥ!" ಎಂದ ವೈಫೈ. ಕರ್ನಲ್ ಸಮಾಧಾನದಿಂದ ತಲೆದೂಗಿ, ಮುದುಕನನ್ನು ಒಳಗೆ ಕರೆದು ತೀರ್ಪು ಹೇಳಿದ.

ಮುದುಕ ಗಂಟು ಕಟ್ಟುತ್ತಾ ಗಹಗಹಿಸಿ ನಗತೊಡಗಿದ.

"ಯಾಕಯ್ಯಾ ನಗುತ್ತೀಯ?"

"ಪ್ರಿಂಟರಪ್ಪ ಮೂರು ಸಲವೂ 'ಬೇಕು, ಬೇಕು' ಅಂತಲೇ ಅರಚಿದ್ದಾನೆ. ಪ್ರಶ್ನೆಯನ್ನೇನೋ ಕೇಳಿದಿರಿ ಯಜಮಾನರೇ, ಉತ್ತರ ಕೇಳುವ ಕಿವಿಯನ್ನು ಮಾತ್ರ ಜಗಲಿಯಲ್ಲಿ ಕೂರಿಸಿದಿರಿ!"

ಕರ್ನಲ್ ನಾಲಿಗೆ ಕಚ್ಚಿಕೊಂಡು, ಮುದುಕನ ಗಂಟನ್ನು ತಾನೇ ಬಿಚ್ಚತೊಡಗಿದ. ಅಷ್ಟರಲ್ಲಿ ಹೊರಗೆ ಮತ್ತೆ ಕರ್ ಎಂದಿತು.

"ಈಗೇನಂತೆ?" ಎಂದ ಕರ್ನಲ್, ಹೆದರಿ.

"ಏನಿಲ್ಲ. ಬೆಳಗಿನಿಂದ ದುಡಿದೂ ದುಡಿದೂ ಕಾಗದ ಮುಗಿದಿದೆಯಂತೆ."